ಸೋಮವಾರ ಮಾತ್ರ ಉಣ್ಣುವ ಮಗು

ಜನವರಿ 12

ಅತ್ತೆ,

ನಿಮ್ಮ ಮೊಮ್ಮಗನನ್ನು ನಿಮ್ಮ ಮಡಿಲಿಗೆ ಹಾಕಿ ಬಂದು ವಾರವಾಯಿತು. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳುವುದಿಲ್ಲ, ಕೇಳಿದ ಅರ್ಧವನ್ನು ನಿಮಗೆ ಬೇಕಾದಂತೆ ತಿದ್ದಿಕೊಳ್ಳುತ್ತೀರಿ. ಅದಕ್ಕೇ ಕಾಗದ.

ಫ್ಯಾಕ್ಟರಿಯ ಮಕ್ಕಳ ಕೋಣೆಗೆ ಹಾಕಿದ ಬೀಗ ಹಾಗೇ ಇದೆ. ಕೂಸುಗಳು ಮಲಗುತ್ತಿದ್ದ ಜಾಗದಲ್ಲಿ ಅಂಗಿ ತುಂಬಿದ ರಟ್ಟಿನ ಡಬ್ಬಗಳನ್ನು ಪೇರಿಸಿದ್ದಾರೆ. “ಡಬ್ಬ ಅಳೋದಿಲ್ಲ ನೋಡು” ಅಂದ ಸೂಪರ್‌ವೈಸರ್, ದೊಡ್ಡ ಜೋಕು ಮಾಡಿದವನ ಹಾಗೆ. ಕಾಲರ್ ಹೊಲಿಯುವ ನಮ್ಮ ಲೈನಿನಲ್ಲಿ ಯಾರೂ ನಗಲಿಲ್ಲ.

ಗುಂಡನ ಊಟದ ವಿಷಯ. ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನನ್ನ ಜಂಬ ಅಂದುಕೊಳ್ಳಬೇಡಿ. ಬೆಳಿಗ್ಗೆ ಓಟ್ಸ್ ಗಂಜಿಗೆ ಬಾಳೆಹಣ್ಣು ಕಿವುಚಿ ಹಾಕಿ, ಸಕ್ಕರೆ ಬೇಡ. ಮಧ್ಯಾಹ್ನ ಅನ್ನ, ಬೇಳೆ, ಜೊತೆಗೆ ಬಣ್ಣದ ತರಕಾರಿ ಯಾವುದಾದರೂ ಒಂದು: ಕ್ಯಾರೆಟ್ಟೋ ಕುಂಬಳವೋ ಬಟಾಣಿಯೋ. ಆಗಾಗ ಆಲೂಗಡ್ಡೆ, ಮೊಟ್ಟೆ ಬೇಯಿಸಿ ಹಿಸುಕಿ ಚೂರು ಬೆಣ್ಣೆ ಹಾಕಿ. ಸಂಜೆ ಮೊಸರು, ಹಣ್ಣು. ಉಪ್ಪು ಕಡಿಮೆ. ಬಿಸ್ಕತ್ತು ಕಣ್ಣಿಗೂ ಬೀಳಬಾರದು.

ನನಗೆ ಇಲ್ಲಿ ಇದರಲ್ಲಿ ಅರ್ಧವೂ ಮಾಡಲಾಗುತ್ತಿರಲಿಲ್ಲ. ನೀರಾದ ಗಂಜಿಯಲ್ಲೇ ಬೆಳೆಸಿದೆ. ನಿಮ್ಮ ಹತ್ತಿರ ಹೊತ್ತಿದೆ, ಕೈಯೂ ಇದೆ. ಅವನಿಗೆ ಒಂದೂವರೆ ವರ್ಷ. ಈಗ ತುಂಬದ ಮೈ ಮುಂದೆ ತುಂಬುವುದಿಲ್ಲವಂತೆ.

ನಿಮ್ಮ ಸೊಸೆ

*

ಜನವರಿ 20

ಸೊಸೆಗೆ,

ನಿನ್ನ ಆರ್ಡರ್ ತಲುಪಿತು. ಹಾಸ್ಟೆಲ್ಲಿನ ಒಲೆಯ ಮುಂದೆ ಆಯುಷ್ಯ ತೇಯ್ದವಳು ನಾನು. ಕೊಪ್ಪರಿಗೆಗಟ್ಟಲೆ ಅನ್ನ ಬಸಿದಿದ್ದೇನೆ. ಆ ಪಾತ್ರೆಗಳ ಸದ್ದಿಗೇ ಕಿವಿ ಹೋಗಿದ್ದು. ‘ನಾವು ನಾಯಿಗೂ ಹಾಕಲ್ಲ ಇದನ್ನ’ ಅಂದ ಹುಡುಗರೇ ಎರಡನೇ ಸಲ ತಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಕೂಸಿಗೆ ಏನು ಬೇಯಿಸಬೇಕು ಅಂತ ನರ್ಸಮ್ಮನಿಂದ ಕಲಿಯಬೇಕಾಗಿಲ್ಲ.

ಆದರೂ ನಿನ್ನ ಮಾತಿನಂತೆಯೇ ಮಾಡಿದೆ. ಹೊಸ ಜಾಗ, ಹೊಸ ಮುಖ, ಮೊದಲು ಸ್ವಲ್ಪ ಹಟ ಮಾಡಿದ. ಬಾಯಿಯನ್ನು ಹೊಲಿದವನ ಹಾಗೆ ಮುಚ್ಚಿಕೊಳ್ಳುತ್ತಾನೆ. ನಿದ್ದೆಗಣ್ಣಿನಲ್ಲಿ ಹಾಲು ಮಾತ್ರ ಕುಡಿಯುತ್ತಾನೆ. ಆದರೆ ನಿನ್ನೆ ಸೋಮವಾರ ಮಧ್ಯಾಹ್ನ ನಿನ್ನ ಆಲೂಗಡ್ಡೆ-ಮೊಟ್ಟೆ ಮಾಡಿದೆ ನೋಡು, ಬಟ್ಟಲು ನೆಕ್ಕಿ ಇಟ್ಟ. ಅಷ್ಟು ಅಗಲ ಬಾಯಿ ತೆರೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಗೆದ್ದೆ ಅಂತ ಬೀಗಬೇಡ. ಬೆಣ್ಣೆಯ ಅಳತೆ ನನ್ನದು.

ನನ್ನ ಮಗ ನಿನ್ನನ್ನು ಬಿಟ್ಟು ಹೋದ. ನಾನು ಬಿಟ್ಟಿಲ್ಲ. ಕೆಲಸ ನೋಡಿಕೋ.

ಅತ್ತೆ

*

ಜನವರಿ 24

ಅತ್ತೆ,

ಕಾಗದವನ್ನು ಮಷೀನಿನ ಕೆಳಗೆ ಇಟ್ಟುಕೊಂಡು ಓದಿದೆ. ಪಕ್ಕದ ಮಷೀನಿನ ಗಿಡ್ಡಿಗೂ ಓದಿ ಹೇಳಿದೆ. “ಹಂಗಾದ್ರೆ ಮೂರು ಹೊತ್ತೂ ಅದೇ ಹಾಕೋಕೆ ಹೇಳು, ಯಾಕೆ ತಲೆ ಕೆಡಿಸ್ಕೋತೀಯ” ಅಂದಳು.

ಅದೇ ಸರಿ. ಮಿಕ್ಕಿದ್ದೆಲ್ಲ ಬಿಡಿ. ಆಲೂಗಡ್ಡೆ-ಮೊಟ್ಟೆಯನ್ನೇ ದಿನಾ ಮಾಡಿ, ರುಚಿ ಹತ್ತಲಿ. ಆಮೇಲೆ ಅದರಲ್ಲೇ ಒಂದು ಚಮಚ ಕ್ಯಾರೆಟ್, ಒಂದು ಚಮಚ ಸೊಪ್ಪು ಅಡಗಿಸಿದರಾಯಿತು. ತೂಕ ನೋಡಿಸಿದಿರಾ? ಬರೆಯಿರಿ.

ಇಲ್ಲಿ ಸ್ವಲ್ಪ ಗಡಿಬಿಡಿ ಇದೆ. ಏನೂ ವಿಶೇಷವಲ್ಲ.

ನಿಮ್ಮ ಸೊಸೆ

*

ಫೆಬ್ರವರಿ 3

ಸೊಸೆಗೆ,

ನಿನ್ನ ಮಗ ನನ್ನನ್ನು ಆಟ ಆಡಿಸುತ್ತಿದ್ದಾನೆ.

ಕಳೆದ ಸೋಮವಾರ ಆಲೂಗಡ್ಡೆ-ಮೊಟ್ಟೆಯನ್ನು ಬಾಚಿ ಬಾಚಿ ತಿಂದ. ಸಿಕ್ಕಿತು ಗುಟ್ಟು ಅಂತ ಮಂಗಳವಾರ ಅದನ್ನೇ ಇಟ್ಟೆ. ಮುಖ ತಿರುಗಿಸಿದ. ಬುಧವಾರವೂ ಅದೇ, ಗುರುವಾರವೂ ಅದೇ. ವಾರವಿಡೀ ಅವನು ಬಿಟ್ಟ ಆಲೂಗಡ್ಡೆ ತಿಂದು ನನ್ನ ಹೊಟ್ಟೆ ಉಬ್ಬಿತು. ಬೇಸತ್ತು ನಿನ್ನೆ ಕುಂಬಳಕಾಯಿಗೆ ಬೇಳೆ ಹಾಕಿ ಬೇಯಿಸಿದೆ. ಕುಂಬಳವನ್ನು ಹಾಗೆ ತಿನ್ನುವ ಕೂಸನ್ನು ನಾನು ಕಂಡಿಲ್ಲ. ಗುಳುಂ ಗುಳುಂ ಅಂತ, ಉಸಿರು ತೆಗೆಯದೆ.

ಹಾಗಾಗಿ ಇನ್ನು ಮೇಲೆ ಕುಂಬಳ. ಮಾರ್ಕೆಟ್ಟಿನಿಂದ ದೊಡ್ಡದೊಂದನ್ನು ಹೊತ್ತು ತಂದಿದ್ದೇನೆ. ಕೆಳಗಿನ ಮನೆಯ ಬಸ್ ಡ್ರೈವರ್ ಮೆಟ್ಟಿಲ ತನಕ ಹೊತ್ತು ಕೊಟ್ಟ. “ಅಮ್ಮ, ಇದನ್ನ ತಿನ್ನೋಕೆ ಮದುವೆ ಮನೆಯವರನ್ನ ಕರೀತೀರಾ?” ಅಂದ.

ತೂಕ ಪರವಾಗಿಲ್ಲ.

ಅತ್ತೆ

*

ಫೆಬ್ರವರಿ 8

ಅತ್ತೆ,

‘ಪರವಾಗಿಲ್ಲ’ ಅಂದರೆ ಏನು? ಏರಿದೆಯೋ ಇಳಿದಿದೆಯೋ?

ಹುಟ್ಟಿದಾಗಿನಿಂದ ಅವನು ನನ್ನ ಮುಂದೆ ಬಾಯಿ ಮುಚ್ಚಿದವನಲ್ಲ. ಚಮಚ ಕಂಡರೆ ಸಾಕಿತ್ತು. ಮಕ್ಕಳ ಕೋಣೆಯ ಆಯಾ ಕೂಡ ‘ಇಷ್ಟು ಬೇಗ ಉಣ್ಣೋ ಮಗು ಬೇರೆ ಇಲ್ಲ’ ಅನ್ನುತ್ತಿದ್ದಳು. ನಿಮ್ಮ ಕೈಗೆ ಬಂದ ಮೇಲೆ ಹೀಗೆ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ: ಉಪ್ಪು, ಖಾರ ಜಾಸ್ತಿ ಹಾಕುತ್ತಿದ್ದೀರಾ? ಹಾಸ್ಟೆಲ್ಲಿನ ಹುಡುಗರ ನಾಲಿಗೆ ಬೇರೆ, ಕೂಸಿನ ನಾಲಿಗೆ ಬೇರೆ.

ನಿಮ್ಮ ಸೊಸೆ

*

ಫೆಬ್ರವರಿ 17

ಸೊಸೆಗೆ,

ಉಪ್ಪಂತೆ, ಖಾರವಂತೆ. ನಿನ್ನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಉತ್ತರ ಕೊಡುವುದೇ ಬೇಡ ಅಂದುಕೊಂಡಿದ್ದೆ. ನಿನ್ನೆ ನಡೆದದ್ದರಿಂದ ಬರೆಯುತ್ತಿದ್ದೇನೆ.

ನಿನ್ನೆ ಸೋಮವಾರ. ಡ್ರೈವರನಿಗೆ ರಜೆಯ ದಿನ. ಮೇಲೆ ಬಂದು ಬಾಗಿಲಲ್ಲಿ ಕೂತಿದ್ದ. ಸೊಪ್ಪು ಕಿವುಚಿದ ಅನ್ನವನ್ನು ಹಿಡಿದುಕೊಂಡು ನಾನು ಈ ದೊರೆಯ ಬಾಯಿ ಕಾಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಬಾಯಿ ಅಗಲ ಮಾಡಿದ. ತಿಂದ, ತಿಂದ, ಮತ್ತೆ ಟಪ್ ಅಂತ ಮುಚ್ಚಿದ. ಡ್ರೈವರ್ ನನ್ನ ಭುಜ ತಟ್ಟಿ ಕಿವಿಯ ಹತ್ತಿರ ಬಂದು ಕೂಗಿದ:

“ಅಮ್ಮ, ಸೈರನ್ ಕೇಳ್ತಾ ನಿಮಗೆ?”

“ಯಾವ ಸೈರನ್?”

“ಹಿಂದುಗಡೆ ಫೈರ್ ಸ್ಟೇಷನ್ನಲ್ಲಿ. ಸೋಮವಾರ ಮಧ್ಯಾಹ್ನ ಸುಮಾರು ಹೊತ್ತು ಕೂಗಿಸಿ ಟೆಸ್ಟ್ ಮಾಡ್ತಾರೆ. ಅದು ಶುರುವಾದಾಗ ಇವನು ಬಾಯಿ ತೆಗೆದ. ನಿಂತಾಗ ಮುಚ್ಚಿದ. ನಾನು ಹೋದ ಸೋಮವಾರಾನೂ ಕೆಳಗಿಂದ ನೋಡ್ದೆ, ಕಿಟಕಿ ಹತ್ರ ನೀವು ಉಣಿಸ್ತಿದ್ರಿ. ಹೇಳಿದ್ರೆ ನಗ್ತೀರಾ ಅಂತ ಸುಮ್ನಿದ್ದೆ.”

ನಾನು ನಗಲಿಲ್ಲ. ಆಲೂಗಡ್ಡೆಯೂ ಅಲ್ಲ, ಕುಂಬಳವೂ ಅಲ್ಲ. ನನ್ನ ಕೈಯೂ ಅಲ್ಲ, ನಿನ್ನ ನರ್ಸಮ್ಮನೂ ಅಲ್ಲ. ಆ ಹಾಳು ಕೂಗು ಕೇಳಿಸದ ಕಿವುಡಿ ನಾನು, ಇಷ್ಟು ದಿನ ಮಾರ್ಕೆಟ್ಟಿನ ಪ್ರತಿ ತರಕಾರಿಯನ್ನೂ ಅವನ ಮುಂದೆ ಹಾಜರುಪಡಿಸಿದೆ.

ಈಗ ನೀನು ಹೇಳು. ಒಂದು ಕೂಸು ಸೈರನ್‌ಗೆ ಯಾಕೆ ಬಾಯಿ ತೆಗೆಯುತ್ತದೆ? ಅಲ್ಲಿ ಏನು ಮಾಡಿದಿರಿ ಇವನಿಗೆ?

ಅತ್ತೆ

*

ಫೆಬ್ರವರಿ 21

ಅತ್ತೆ,

‘ಮಾಡಿದಿರಿ’ ಅಂದಿರಿ. ಮಾಡಿದವರು ಯಾರು ಅಂತ ಹೇಳುತ್ತೇನೆ, ಕೇಳಿ.

ನಮಗೆ ಬಿಡುವು ಅನ್ನುವುದು ಎರಡು ಸೈರನ್‌ಗಳ ನಡುವಿನ ಸಂದು. ಮೊದಲನೆಯದು ಕೂಗಿದ ಕೂಡಲೇ ಮಷೀನು ಬಿಟ್ಟು ಓಡಬೇಕು. ಎರಡನೆಯದು ಕೂಗುವಾಗ ಮತ್ತೆ ಸೂಜಿಯ ಮುಂದೆ ಇರಬೇಕು. ಆ ಸಂದಿನಲ್ಲಿ ಉಚ್ಚೆ, ನೀರು, ನಮ್ಮ ತುತ್ತು, ಮಗುವಿನ ತುತ್ತು ಎಲ್ಲವೂ. ಮೊದಲೇ ತಿಂದ ಮಗು ನಾವು ಬಂದಾಗ ಬಾಯಿ ತೆಗೆಯುವುದಿಲ್ಲ ಅಂತ, ಸೈರನ್ ಆಗುವ ತನಕ ಆಯಾ ಬಟ್ಟಲು ಮುಚ್ಚಿಟ್ಟಿರುತ್ತಿದ್ದಳು. ಅತ್ತರೂ ಕೊಡುತ್ತಿರಲಿಲ್ಲ. ಸೈರನ್ ಕೂಗಿದರೆ ಸಾಲಾಗಿ ಕೂತ ಕೂಸುಗಳೆಲ್ಲ ಒಟ್ಟಿಗೆ ಬಾಯಿ ತೆಗೆಯುತ್ತಿದ್ದವು. ಗೂಡಿನ ಮರಿಗಳ ಹಾಗೆ ಅಂತ ನಾವು ನಗುತ್ತಿದ್ದೆವು. ನಾವು ಸುರಿಯುತ್ತಿದ್ದೆವು. ಅಗಿಯುವುದಕ್ಕೆ ಹೊತ್ತೆಲ್ಲಿ? ಅದಕ್ಕೇ ನೀರು ಗಂಜಿ. ಫ್ಯಾಕ್ಟರಿ ಗೋಡೆಗೆ ಆತುಕೊಂಡ ನಮ್ಮ ಬಾಡಿಗೆ ಕೋಣೆಗೂ ಬೆಳಗಿನ, ಸಂಜೆಯ ಪಾಳಿಯ ಸೈರನ್ ಕೇಳುತ್ತಿತ್ತು. ಮನೆಯಲ್ಲಿಯೂ ಅದೇ ಹೊತ್ತಿಗೆ ಉಣಿಸಿದೆ. ಅವನಿಗೆ ಹಸಿವು ಅಂದರೆ ಅದೇ ಶಬ್ದ.

ಕಂಪನಿ ನಮ್ಮ ಕೈ ತೆಗೆದುಕೊಂಡಿತು, ಕಣ್ಣು ತೆಗೆದುಕೊಂಡಿತು. ಮಗುವಿನ ಬಾಯಿಯನ್ನೂ ತೆಗೆದುಕೊಂಡಿದೆ ಅಂತ ಇವತ್ತು ಗೊತ್ತಾಯಿತು.

ಆದರೆ ಅತ್ತೆ, ಈಗ ದಾರಿ ಸಿಕ್ಕಿತಲ್ಲ. ಡ್ರೈವರಣ್ಣನಿಗೆ ಹೇಳಿ ಒಂದು ಸೀಟಿ ತರಿಸಿ. ಮೂರು ಹೊತ್ತೂ ಊದಿ. ಮೊದಲು ಹೊಟ್ಟೆ ತುಂಬಲಿ.

ನಿಮ್ಮ ಸೊಸೆ

*

ಮಾರ್ಚ್ 2

ಸೊಸೆಗೆ,

ಸೀಟಿ ಬೇಡ, ಬಸ್ಸಿನ ಹಳೆಯ ಹಾರ್ನೇ ಇದೆ ಅಂತ ಡ್ರೈವರ್ ತಂದ. ರಬ್ಬರ್ ಬುರುಡೆ ಒತ್ತಿದರೆ ಎಮ್ಮೆಯ ಹಾಗೆ ಕೂಗುತ್ತದಂತೆ. ಅವನು ಒತ್ತಿದ, ಇವನು ಬಾಯಿ ತೆಗೆದ. ನಾಲ್ಕಾರು ದಿನ ಹಬ್ಬವೇ ಆಯಿತು ನಮಗೆ. ಬೇಳೆ ಹೋಯಿತು, ಮೊಸರು ಹೋಯಿತು. ಮೈ ತುಂಬುವ ಅಡುಗೆ ಮಾಡೋಣ ಅಂತ ಕ್ಯಾರೆಟ್ಟನ್ನು ಸಣ್ಣ ಹೋಳು ಮಾಡಿ ಮೆತ್ತಗೆ ಬೇಯಿಸಿ ಬಾಯಿಗಿಟ್ಟೆ.

ಅವನು ಅಗಿಯಲಿಲ್ಲ. ಅವನಿಗೆ ಅಗಿಯುವುದೇ ಗೊತ್ತಿಲ್ಲ. ಹಲ್ಲುಗಳು ಬಂದು ಸುಮ್ಮನೆ ಕೂತಿವೆ. ಹೋಳು ಗಂಟಲಲ್ಲಿ ನಿಂತಿತು. ಮುಖ ನೀಲಿಯಾಯಿತು. ಡ್ರೈವರ್ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದ. ಬಿದ್ದಿತು. ಅಷ್ಟರಲ್ಲೂ ಇವನು ಮತ್ತೆ ಬಾಯಿ ತೆಗೆದುಕೊಂಡೇ ಇದ್ದ, ಹಾರ್ನ್ ಇನ್ನೂ ಮುಗಿದಿಲ್ಲವೇನೋ ಅನ್ನುವ ಹಾಗೆ.

ಹಾರ್ನನ್ನು ಎತ್ತಿ ಬೀದಿಗೆ ಎಸೆದೆ. ಇನ್ನು ಮೇಲೆ ಯಾವ ಶಬ್ದವೂ ಇಲ್ಲ. ಚಮಚವೂ ಇಲ್ಲ. ನೆಲದ ಮೇಲೆ ಅವನ ಮುಂದೆ ತಟ್ಟೆ ಇಡುತ್ತೇನೆ, ಪಕ್ಕದಲ್ಲಿ ಕೂತು ನನ್ನ ತಟ್ಟೆಯಿಂದ ನಾನು ತಿನ್ನುತ್ತೇನೆ, ಅವನ ಕಡೆ ನೋಡುವುದಿಲ್ಲ. ಅವನಾಗಿ ಕೈ ಹಾಕುವ ತನಕ. ಸೋಮವಾರ ಮಧ್ಯಾಹ್ನ ಡ್ರೈವರ್ ಅವನನ್ನು ಹೆಗಲ ಮೇಲೆ ಹೊತ್ತು ದೂರದ ಪಾರ್ಕಿಗೆ ಕರೆದೊಯ್ಯುತ್ತಾನೆ.

ಎಷ್ಟು ದಿನ ಬೇಕೋ ಗೊತ್ತಿಲ್ಲ. ಒಂದು ಸಲ ಬಂದು ಹೋಗಲಾರೆಯಾ? ನನಗೆ ಭಯವಾಗುತ್ತಿದೆ.

ಅತ್ತೆ

*

ಮಾರ್ಚ್ 9

ಅತ್ತೆ,

ಬರಲಾರೆ. ಯಾಕೆ ಅಂತ ಈಗ ಹೇಳಬೇಕು.

ಜನವರಿಯ ಕೊನೆಯಿಂದ ನಾವು ಗೇಟಿನ ಮುಂದೆ ಕೂತಿದ್ದೇವೆ. ಮಕ್ಕಳ ಕೋಣೆಯ ಬೀಗ ತೆಗೆಯಬೇಕು ಅಂತ ಶುರುವಾದದ್ದು. ನಿಮ್ಮ ಸೈರನ್ನಿನ ಕಾಗದ ಬಂದ ಮೇಲೆ ನಾನು ಇನ್ನೊಂದು ಬೇಡಿಕೆ ಸೇರಿಸಿದೆ: ಉಣಿಸುವುದಕ್ಕೆ ಬೇರೆಯೇ ಬಿಡುವು ಕೊಡಬೇಕು, ಸೈರನ್ ಇಲ್ಲದ ಬಿಡುವು. ಮಾತಾಡುವವಳು ನಾನೇ. ನಾನು ಒಂದು ದಿನ ಕಾಣಿಸದಿದ್ದರೆ ‘ನಿಮ್ಮ ಲೀಡರ್ ರಾಜಿಯಾದಳು’ ಅಂತ ಮ್ಯಾನೇಜರ್ ಸಾರುತ್ತಾನೆ. ನಮ್ಮ ಒಗ್ಗಟ್ಟು ಒಡೆಯುತ್ತದೆ.

ಮೊನ್ನೆ ಮ್ಯಾನೇಜರ್ ಹೊರಗೆ ಬಂದು ಕೇಳಿದ: “ಮಗು ಹೆರೋಕೆ ನಾವು ಹೇಳಿದ್ವಾ?”

ಗಿಡ್ಡಿ ಎದ್ದು ಅಂದಳು: “ಇಲ್ಲ ಸಾರ್. ಅಂಗಿ ಹಾಕ್ಕೊಳ್ಳೋಕೆ ನಾಳೆ ಯಾರೂ ಇರಲ್ವಲ್ಲಾ ಅಂತ ನಿಮ್ಮ ಮೇಲಿನ ಕನಿಕರಕ್ಕೆ ಹೆತ್ವಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಾಗಲೆಲ್ಲ ಇಲ್ಲಿ ನಗುವ ನಾನು ಎಂಥವಳು, ಅಲ್ಲಿ ಮಗು ಹಸಿದಿದೆಯಲ್ಲ ಅನ್ನಿಸುತ್ತದೆ. ನಿಜ ಬರೆಯಿರಿ. ಅವನು ಹೇಗಿದ್ದಾನೆ?

ನಿಮ್ಮ ಸೊಸೆ

*

ಏಪ್ರಿಲ್ 7

ಮಗಳೇ,

ತಿಂಗಳು ಬರೆಯಲಿಲ್ಲ. ಬರೆದಿದ್ದರೆ ಸುಳ್ಳು ಬರೆಯಬೇಕಾಗುತ್ತಿತ್ತು. ನೀನು ಗೇಟು ಬಿಟ್ಟು ಓಡಿ ಬರುತ್ತಿದ್ದೆ.

ಮಾರ್ಚ್ ಪೂರ್ತಿ ಅವನು ತಟ್ಟೆ ಮುಟ್ಟಲಿಲ್ಲ, ನಿದ್ದೆಗಣ್ಣಿನ ಹಾಲೊಂದೇ. ತಟ್ಟೆಯನ್ನು ನೋಡುತ್ತಿದ್ದ, ಬಾಗಿಲನ್ನು ನೋಡುತ್ತಿದ್ದ. ಪಕ್ಕೆಲುಬುಗಳು ಬೆರಳಿಗೆ ಸಿಗುತ್ತಿದ್ದವು. ತೂಕ ಇಳಿಯುತ್ತಲೇ ಇತ್ತು, ನಿನಗೆ ‘ಪರವಾಗಿಲ್ಲ’ ಅಂತ ಬರೆದಾಗಲೂ. ಇಲ್ಲಿನ ಕ್ಲಿನಿಕ್ಕಿನವಳು ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು: “ವಯಸ್ಸಾದವರಿಗೆ ಮಗು ಕೊಟ್ರೆ ಹೀಗೇ ಆಗೋದು. ಇನ್ನೊಂದು ಸಲ ಇಳಿದ್ರೆ ಆಸ್ಪತ್ರೆಗೆ ಹಾಕಿ ಮೂಗಿಗೆ ಪೈಪ್ ಹಾಕ್ತೀವಿ.” ಗುಂಡ ಅಂತ ಹೆಸರು ಕರೆದಾಗ ಅಲ್ಲಿದ್ದವರೆಲ್ಲ ಇವನನ್ನು ನೋಡಿ ತಲೆ ತಗ್ಗಿಸಿದರು.

ಕಳೆದ ಗುರುವಾರ ನಾನು ಬಟಾಣಿ ಸುಲಿಯುತ್ತಿದ್ದೆ. ಬೇಯಿಸಿದ್ದು ಒಂದಿಷ್ಟು ತಟ್ಟೆಯಲ್ಲಿತ್ತು. ಒಂದು ಕಾಳು ಉರುಳಿ ಹೋಯಿತು. ಅವನು ಅಂಬೆಗಾಲಿಟ್ಟು ಅದರ ಹಿಂದೆ ಹೋದ, ಹಿಡಿದ, ಹಿಸುಕಿದ, ಬೆರಳು ನೆಕ್ಕಿದ. ನಾನು ಗೋಡೆ ನೋಡುತ್ತ ಕೂತೆ. ಇನ್ನೊಂದು ಹಿಡಿದ. ಕಾಳು ಹಿಸುಕಿ ಹಿಸುಕಿ ಕೊಟ್ಟೆ. ಹೊತ್ತು ಇಳಿಯುವ ತನಕ ಉಂಡ.

ಈಗ ಅವನ ಊಟ ಹೀಗೆ: ಕೈಯಲ್ಲಿ ಹಿಡಿಯುವಷ್ಟು ಉದ್ದಕ್ಕೆ ಕೊಯ್ದು ಬೆಣ್ಣೆಯ ಹಾಗೆ ಬೇಯಿಸಿದ ಕ್ಯಾರೆಟ್. ಮೊಟ್ಟೆಯನ್ನು ಹಂಚಿನ ಮೇಲೆ ತೆಳ್ಳಗೆ ಹುಯ್ದು ಪಟ್ಟಿ ಕತ್ತರಿಸಿದ್ದು. ಮಾಗಿದ ಹಣ್ಣು. ಬೇಳೆಯನ್ನು ಗಟ್ಟಿ ಮಾಡಿ ಅನ್ನದ ಜೊತೆ ಕಟ್ಟಿದ ಸಣ್ಣ ಉಂಡೆ. ಅರ್ಧ ನೆಲಕ್ಕೆ, ಕಾಲು ಭಾಗ ಕೂದಲಿಗೆ, ಉಳಿದದ್ದು ಹೊಟ್ಟೆಗೆ. ಅಗಿಯುತ್ತಾನೆ, ಮುದುಕನ ಹಾಗೆ, ಯೋಚನೆ ಮಾಡಿ ಮಾಡಿ.

ಇನ್ನೂ ಸೋತೇ ಇದ್ದಾನೆ. ಆದರೆ ಸಾಯುವುದಿಲ್ಲ. ಈಗ ಹೇಳಬಲ್ಲೆ.

ಅತ್ತೆ

*

ಏಪ್ರಿಲ್ 20

ಅತ್ತೆ,

ನಿನ್ನೆ ನಿಮ್ಮ ಮನೆಯಿಂದ ಹೊರಟು ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತ ಕೂತಿದ್ದೆ. ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಗೇಟಿನ ಜಗಳ ಮುಗಿದದ್ದನ್ನು ನಿಮಗೆ ಬಾಯಲ್ಲೇ ಹೇಳೋಣ ಅಂತ ಹೇಳದೆ ಕೇಳದೆ ಬಂದೆ. ಅರ್ಧ ದಿನದ ಭಾನುವಾರ, ಅಷ್ಟೇ ಸಿಕ್ಕಿದ್ದು. ನಾನು ಹೊಸ್ತಿಲು ದಾಟಿದ ಕೂಡಲೇ ನೋಡಿದಿರಲ್ಲ? ಮೂರು ತಿಂಗಳಾದರೂ ಮರೆತಿಲ್ಲ. ನನ್ನ ಮುಖ ಕಂಡದ್ದೇ ಬಾಯಿ ತೆಗೆದ. ಯಾವ ಸೈರನ್ನೂ ಇಲ್ಲದೆ. ನೀವು ಅಷ್ಟು ಕಷ್ಟಪಟ್ಟು ಉಣಿಸುವ ತಟ್ಟೆಯನ್ನು ನನ್ನ ಕೈಯಿಂದ ಗಳಿಗೆಯಲ್ಲಿ ಖಾಲಿ ಮಾಡಿದ. ತಾಯಿಯ ಕೈ ಅಂದರೆ ತಾಯಿಯ ಕೈ. ನಿಮಗೆ ಬೇಸರವಾಯಿತು ಅಂತ ಗೊತ್ತು. ನಿಮ್ಮ ಋಣ ನಾನು ಮರೆಯುವುದಿಲ್ಲ.

ಮುಂದಿನ ತಿಂಗಳ ಮೊದಲಿಗೆ ಮಕ್ಕಳ ಕೋಣೆ ತೆರೆಯುತ್ತದೆ. ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ. ನಾನು ಬಂದು ಅವನನ್ನು ಕರೆದುಕೊಂಡು ಹೋಗುತ್ತೇನೆ. ಬಟ್ಟೆ ಒಗೆದಿಡಿ.

ನಿಮ್ಮ ಸೊಸೆ

*

ಏಪ್ರಿಲ್ 29

ಮಗಳೇ,

ಈ ಕಾಗದವನ್ನು ಎಷ್ಟೋ ಸಲ ಬರೆದು ಹರಿದೆ. ಹಾಸ್ಟೆಲ್ಲಿನಲ್ಲಿ ಅನ್ನ ಸೀದರೆ ಸೀದಿದೆ ಅಂತ ಹುಡುಗರ ಮುಖಕ್ಕೇ ಹೇಳುತ್ತಿದ್ದವಳು ನಾನು. ನಿನಗೂ ಹಾಗೇ ಹೇಳುತ್ತೇನೆ.

ಅವನು ನಿನ್ನನ್ನು ನೋಡಿ ನಕ್ಕನಾ? ಕೈ ಚಾಚಿದನಾ? ನೆನಪು ಮಾಡಿಕೋ. ಬಾಯಿ ತೆಗೆದ, ಅಷ್ಟೇ. ಕಣ್ಣು ಮುಚ್ಚಿಕೊಂಡಿದ್ದ. ನೀನು ಅವನ ಮುಂದೆ ಕೂರಲೂ ಇಲ್ಲ, ಕುಕ್ಕರಗಾಲಿನಲ್ಲಿ ಇದ್ದೆ, ಎದ್ದು ಓಡುವವಳ ಹಾಗೆ. ಒಂದು ತುತ್ತು ಗಂಟಲು ಇಳಿಯುವ ಮೊದಲೇ ಇನ್ನೊಂದು ಅವನ ತುಟಿಯ ಹತ್ತಿರ ಇರುತ್ತಿತ್ತು. ‘ನಿಧಾನ’ ಅಂತ ನಾನು ಎರಡು ಸಲ ಅಂದೆ. ‘ನಿಧಾನವಾಗೇ ಕೊಡ್ತಿದ್ದೀನಲ್ಲ ಅತ್ತೆ’ ಅಂದೆ ನೀನು. ನಿನ್ನ ಕೈಗೆ ಅದು ಗೊತ್ತಾಗುತ್ತಿಲ್ಲ.

ನೀನು ಹೊರಟ ಮೇಲೆ ಎಲ್ಲವನ್ನೂ ವಾಂತಿ ಮಾಡಿದ. ಉಂಡೆಗಳು ಇಟ್ಟ ಹಾಗೇ ಹೊರಗೆ ಬಂದವು. ಅವತ್ತಿನಿಂದ ತಟ್ಟೆ ಮುಟ್ಟಿಲ್ಲ. ಮತ್ತೆ ಬಾಗಿಲನ್ನೇ ನೋಡುತ್ತ ಕೂರುತ್ತಾನೆ. ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ, ಗೋಡೆ ನೋಡುತ್ತ.

ಅವನನ್ನು ಕರೆದೊಯ್ಯುವುದು ನಿನ್ನ ಹಕ್ಕು, ತಡೆಯುವವಳು ನಾನಲ್ಲ. ಕೋಣೆ ತೆರೆದರು, ಸರಿ. ಬಿಡುವು ಕೊಟ್ಟರಾ? ಅದೊಂದು ಮಾತನ್ನು ನೀನು ಬಾಯಲ್ಲೂ ಹೇಳಲಿಲ್ಲ, ಕಾಗದದಲ್ಲೂ ಬರೆಯಲಿಲ್ಲ.

ಅತ್ತೆ

*

ಮೇ 11

ಅತ್ತೆ,

ಕೊಡಲಿಲ್ಲ.

ಮಾತುಕತೆಯ ದಿನ ಮ್ಯಾನೇಜರ್ ಮೊದಲೇ ಹೇಳಿದ: ಕೋಣೆ ಬೇಕಾ, ಬಿಡುವು ಬೇಕಾ, ಒಂದು ಕೇಳಿ. ನಾನು ಏಳಬೇಕು ಅನ್ನುವಷ್ಟರಲ್ಲಿ ನಮ್ಮವರೇ ನನ್ನ ಸೆರಗು ಹಿಡಿದು ಕೂರಿಸಿದರು. “ಕೋಣೆ ಸಿಕ್ತಲ್ಲಕ್ಕಾ, ಸಾಕು. ನಿನ್ನ ಮಗನ ಬಾಯಿಗೋಸ್ಕರ ನಾವೆಲ್ಲ ಇನ್ನೂ ಬಿಸಿಲಲ್ಲಿ ಒಣಗಬೇಕಾ?” ಹಾಗೆ ಅಂದವಳು ಗಿಡ್ಡಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೂಸನ್ನು ಇಷ್ಟು ದಿನ ಮನೆಯಲ್ಲಿ ಮಂಚದ ಕಾಲಿಗೆ ಕಟ್ಟಿ ಬರುತ್ತಿದ್ದಳು. ನಮ್ಮನ್ನು ನಮ್ಮ ಮೇಲೇ ಎತ್ತಿಕಟ್ಟಿ ಗೆಲ್ಲುವುದನ್ನು ಕಂಪನಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕೋಣೆಯ ಬೀಗ ತೆಗೆಯಲು ನನ್ನನ್ನೇ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಯ ಮೇಲೆ ನಗುವ ಕ್ಯಾರೆಟ್, ನಗುವ ಸೇಬು ಬರೆಸಿದ್ದಾರೆ. ಕೆಳಗೆ ‘ನಿಮ್ಮ ಮಗುವಿಗೆ ಸಮತೋಲನ ಆಹಾರ ಕೊಡಿ’ ಅಂತ ದೊಡ್ಡ ಅಕ್ಷರ. ಕೊಡಲು ಹೊತ್ತೆಲ್ಲಿ ಅಂತ ಬರೆದಿಲ್ಲ. ಮಧ್ಯಾಹ್ನ ಸೈರನ್ ಕೂಗಿತು. ಹೊಸ ಕೂಸುಗಳು, ಅವಕ್ಕೆ ಇನ್ನೂ ಗೊತ್ತಿರಲಿಲ್ಲ, ಅಳುತ್ತಿದ್ದವು. ತಾಯಂದಿರು ಓಡಿ ಬಂದರು. ನಾನು ಕಂಬಕ್ಕೆ ಒರಗಿ ಅವರ ಕೈಗಳನ್ನೇ ನೋಡುತ್ತ ನಿಂತೆ. ಎಲ್ಲ ಕೈಗಳೂ ಒಂದೇ ಥರ ಹೋಗಿ ಬರುತ್ತಿದ್ದವು. ನೀವು ಬರೆದದ್ದು ಆಗ ಕಣ್ಣಿಗೆ ಕಂಡಿತು. ಎಲ್ಲಿ ನಿಂತರೂ ನನ್ನ ಕೈ ಹೀಗೇ ಹೋಗಿ ಬರುತ್ತದೆ. ತೆಗೆಸಲು ಇದಕ್ಕೆ ಬೀಗ ಇಲ್ಲ, ಮುಂದೆ ಕೂರಲು ಗೇಟೂ ಇಲ್ಲ.

ಸಂಜೆ ನನ್ನ ಕೋಣೆಯಲ್ಲಿ ಒಂದು ಬಟ್ಟಲು ಅನ್ನ ಇಟ್ಟುಕೊಂಡು ನಿಧಾನ ಉಣ್ಣಲು ಕೂತೆ. ಅಗಿಯಲು ನೋಡಿದೆ. ಆಗಲಿಲ್ಲ ಅತ್ತೆ. ಬಟ್ಟಲು ಯಾವಾಗ ಖಾಲಿಯಾಯಿತೋ ನನಗೇ ತಿಳಿಯಲಿಲ್ಲ.

ಅವನನ್ನು ಕರೆದೊಯ್ಯುವುದಿಲ್ಲ. ಬಟ್ಟೆಗಳನ್ನು ಕಪಾಟಿನಲ್ಲೇ ಇಡಿ. ಊಟದ ಹೊತ್ತಿನಲ್ಲಿ ನನ್ನ ಮಾತು ಎತ್ತಬೇಡಿ. ‘ಅಮ್ಮ ಬರ್ತಾಳೆ, ಬಾಯಿ ತೆಗಿ’ ಅಂತ ಡ್ರೈವರಣ್ಣ ತಮಾಷೆಗೂ ಹೇಳದಿರಲಿ.

ತಿಂಗಳಿಗೊಂದು ಭಾನುವಾರ ಬರುತ್ತೇನೆ. ಅವನು ಉಣ್ಣುತ್ತಿದ್ದರೆ ಬಾಗಿಲು ತೆರೆಯಬೇಡಿ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಅವನು ಅಗಿದು ಮುಗಿಸಲಿ. ಎಷ್ಟು ಹೊತ್ತಾದರೂ ಆಗಲಿ. ಬಸ್ಸಿನ ಹೊತ್ತಾಗಿಬಿಟ್ಟರೆ ನಾನು ಹಾಗೇ ಎದ್ದು ಹೋಗುತ್ತೇನೆ, ಕರೆಯಬೇಡಿ.

ನಿಮ್ಮ ಮಗಳು